ಅಪಾಯ ಯಾರ ಹೆಗಲಿಗೆ?

ಬೆಲೆ ಏರಿಳಿತದ ಅಪಾಯವನ್ನು ಹೊರಲಾರದವರ ಹೆಗಲಿನಿಂದ ಹೊರಬಲ್ಲವರ ಹೆಗಲಿಗೆ ದಾಟಿಸುವುದು ಡಿರೈವೇಟಿವ್ ಒಪ್ಪಂದದ ಮೂಲ ಉದ್ದೇಶ. ಷೇರು, ಸೂಚ್ಯಂಕ, ಧಾನ್ಯ, ಚಿನ್ನದಂಥ ಮೂಲ ಸ್ವತ್ತಿನ ಬೆಲೆಯೇ ಒಪ್ಪಂದದ ಬೆಲೆಗೂ ಆಧಾರ. ಫ್ಯೂಚರ್ಸ್‌ನಲ್ಲಿ ಕೊಳ್ಳುವವರೂ ಮಾರುವವರೂ ಬದ್ಧರು. ಆಪ್ಷನ್‌ನಲ್ಲಿ ಪ್ರೀಮಿಯಂ ತೆತ್ತವರಿಗೆ ಹಕ್ಕು, ಪಡೆದವರಿಗೆ ಹೊಣೆ. ಹೀಗೆ ದಾಟಿದ ಅಪಾಯ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಶೋಧಿಸುವುದೇ ಈ ವಿಚಾರ ಸಂಕಿರಣದ ಆಶಯ.

ಭಾರತದಲ್ಲಿ ಷೇರುಗಳ ವಾಯಿದಾ ವಹಿವಾಟಿಗೆ 1969ರಲ್ಲಿ ನಿಷೇಧ ಬಿತ್ತು. ಡಿರೈವೇಟಿವ್ ವಹಿವಾಟನ್ನು ಹಂತಹಂತವಾಗಿ ಆರಂಭಿಸಬಹುದೆಂದು ಎಲ್.ಸಿ. ಗುಪ್ತಾ ಸಮಿತಿ 1998ರಲ್ಲಿ ಶಿಫಾರಸು ಮಾಡಿತು. ಅಪಾಯ ತಡೆಯುವ ಮಾರ್ಜಿನ್ ಲೆಕ್ಕವನ್ನು ಪ್ರಾಧ್ಯಾಪಕ ಜೆ.ಆರ್. ವರ್ಮಾ ನೇತೃತ್ವದ ತಂಡ ರೂಪಿಸಿತು. 1999ರಲ್ಲಿ ಕಾನೂನು ತಿದ್ದುಪಡಿಯಾಗಿ, 2000ದ ಜೂನ್‌ನಲ್ಲಿ ಸೂಚ್ಯಂಕ ಫ್ಯೂಚರ್ಸ್ ಶುರುವಾಯಿತು. ಮರುವರ್ಷ ಆಪ್ಷನ್‌ಗಳೂ ಬಿಡಿ ಷೇರುಗಳ ಫ್ಯೂಚರ್ಸ್ ಕೂಡ ಬಂದವು. ಪ್ರತಿ ವಹಿವಾಟಿನ ನಡುವೆ ಕ್ಲಿಯರಿಂಗ್ ಕಾರ್ಪೊರೇಷನ್ ನಿಂತು, ದಿನದಿನದ ನಷ್ಟವನ್ನು ಆಗಿಂದಾಗಲೇ ವಸೂಲು ಮಾಡುವುದರಿಂದ ಒಬ್ಬರ ದಿವಾಳಿ ಇಡೀ ಪೇಟೆಗೆ ಹಬ್ಬುವುದು ತಪ್ಪುತ್ತದೆ.

ಸರಕು ಪೇಟೆಯ ಕಥೆ ಬೇರೆ. ವಾಯಿದಾ ವಹಿವಾಟು ಧಾನ್ಯಗಳ ಬೆಲೆ ಏರಿಸುತ್ತದೆಯೇ ಎಂದು ಪರಿಶೀಲಿಸಿದ ಅಭಿಜಿತ್ ಸೇನ್ ಸಮಿತಿಗೆ 2008ರಲ್ಲಿ ಖಚಿತ ಪುರಾವೆ ಸಿಗಲಿಲ್ಲ. ವಹಿವಾಟು ನಡೆದ ಅವಧಿ ಚಿಕ್ಕದಾಗಿದ್ದುದೂ ಅದಕ್ಕೊಂದು ಕಾರಣ. ಸರಕು ಪೇಟೆಯ ನಿಯಂತ್ರಣ 2015ರಲ್ಲಿ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಕೈಗೆ ಬಂತು. 2021ರ ಡಿಸೆಂಬರ್‌ನಲ್ಲಿ ಗೋಧಿ, ಭತ್ತ, ಕಡಲೆ ಸೇರಿ ಏಳು ಸರಕುಗಳ ವಾಯಿದಾ ವಹಿವಾಟು ಸ್ಥಗಿತಗೊಂಡಿತು. ಪೇಟೆ ಮುಚ್ಚಿದಾಗ ಬೆಲೆಯ ಮುನ್ಸೂಚನೆಯೊಂದು ರೈತರಿಗೆ ಇಲ್ಲವಾಗುತ್ತದೆ. ಆ ನಷ್ಟವೂ ಲೆಕ್ಕಕ್ಕೆ ಬರಬೇಕು.

ಷೇರು ಡಿರೈವೇಟಿವ್ ಪೇಟೆಯಲ್ಲಿ ಪುರಾವೆಯ ಕೊರತೆಯಿಲ್ಲ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ ₹1.8 ಲಕ್ಷ ಕೋಟಿ ದಾಟಿತು ಎಂದು ಸೆಬಿ ಅಧ್ಯಯನ ತೋರಿಸಿತು. ಲಾಭದ ಬಹುಪಾಲು ಕಂಪ್ಯೂಟರ್ ಅಲ್ಗಾರಿದಂ ಬಳಸುವ ದೊಡ್ಡ ಸಂಸ್ಥೆಗಳ ಪಾಲಾಯಿತು. ಅಪಾಯ ಇಲ್ಲಿ ಉಲ್ಟಾ ದಿಕ್ಕಿನಲ್ಲಿ, ಹೊರಲಾರದವರ ಕಡೆಗೇ ಹರಿದಿದೆ. 2024ರ ಅಕ್ಟೋಬರ್‌ನಲ್ಲಿ ಸೆಬಿ ಒಪ್ಪಂದದ ಕನಿಷ್ಠ ಮೌಲ್ಯವನ್ನು ₹15 ಲಕ್ಷಕ್ಕೆ ಏರಿಸಿತು. ವಾರಕ್ಕೊಮ್ಮೆ ಮುಗಿಯುವ ಸೂಚ್ಯಂಕ ಒಪ್ಪಂದಗಳನ್ನು ಪ್ರತಿ ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕಕ್ಕೆ ಸೀಮಿತಗೊಳಿಸಿತು. ಆದರೂ 2025ರ ಹಣಕಾಸು ವರ್ಷದಲ್ಲಿ ಶೇ 91ರಷ್ಟು ಮಂದಿ ಸೋತರು.

ಸಂಶೋಧಕರ ಮುಂದೆ ಮೂರು ಕೆಲಸಗಳಿವೆ. ರಕ್ಷಣೆಗಾಗಿ ನಡೆದ ವಹಿವಾಟನ್ನು ಸಟ್ಟಾದಿಂದ ಬೇರ್ಪಡಿಸಿ ಅಳೆಯುವುದು ಮೊದಲನೆಯದು. ಹೊಸ ನಿಯಮದ ಪರಿಣಾಮವನ್ನು ಪೇಟೆಯ ಸಹಜ ಏರಿಳಿತದಿಂದ ಬಿಡಿಸಿ ನೋಡುವುದು ಎರಡನೆಯದು. ಸೋತವರು ಮತ್ತೆ ಏಕೆ ಮರಳುತ್ತಾರೆಂದು ಅರಿಯುವುದು ಮೂರನೆಯದು. ಈ ಕೆಲಸಗಳಿಗೆ ಹೆಸರು ಅಳಿಸಿದ ವಹಿವಾಟಿನ ದತ್ತಾಂಶ ವಿಶ್ವವಿದ್ಯಾಲಯಗಳಿಗೂ ದೊರೆಯಬೇಕು. ಆಗ ನಿಯಂತ್ರಕರ ಲೆಕ್ಕವನ್ನು ಹೊರಗಿನವರೂ ಒರೆಗೆ ಹಚ್ಚಬಹುದು.