ಸತ್ತ ಹಕ್ಕಿಯ ಫೋಟೋನ ಯಾಕೆ ನೋಡಬೇಕು?

ಊಟ ಮಾಡ್ತಾ ಕೇಳ್ತಿದ್ದರೆ ಈ ಎಪಿಸೋಡನ್ನ ಅರ್ಧ ಗಂಟೆ ಬಿಟ್ಟು ಹಾಕ್ಕೊಳ್ಳಿ. ಇವತ್ತಿನ ವಿಷಯ ಸತ್ತ ಪ್ರಾಣಿಗಳ ಫೋಟೋ. ಬೇಟೆ ಆಡಿ, ಪ್ರಾಣಿ ಮೇಲೆ ಕಾಲಿಟ್ಟು ತೆಗೆಸಿಕೊಳ್ಳೋ ಫೋಟೋ ಅಲ್ಲ. ಅದರ ಬಗ್ಗೆ ನನ್ನ ಹತ್ರ ಒಳ್ಳೇ ಮಾತಿಲ್ಲ. ಎಲ್ಲೋ ಸತ್ತು ಬಿದ್ದು, ನಿಧಾನಕ್ಕೆ ಮಣ್ಣಾಗ್ತಿರೋ ಜೀವಗಳ ಫೋಟೋ.

ನನ್ನ ಫೋನಲ್ಲಿ ಅಂಥವು ಒಂದು ಫೋಲ್ಡರ್ ತುಂಬ ಇವೆ. ಇರುವೆ ಅರ್ಧ ಹೊತ್ತೊಯ್ದ ಚಿಟ್ಟೆ, ಒಣಗಿ ಕಾಗದದಂತಾದ ಓತಿಕೇತ, ನರಗಳ ಬಲೆ ಮಾತ್ರ ಉಳಿದ ಅರಳಿ ಎಲೆ. ಎಲೆ ತೋರಿಸಿದ್ರೆ ಎಲ್ಲರೂ 'ವಾವ್' ಅಂತಾರೆ. ಓತಿಕೇತ ತೋರಿಸಿದ್ರೆ ಮುಖ ಸಿಂಡರಿಸ್ತಾರೆ. ಅಮ್ಮ ಅಂತೂ, "ಅಪಶಕುನ, ಮೊದಲು ಡಿಲೀಟ್ ಮಾಡು" ಅಂದ್ರು. ಎಲೆಗೂ ಓತಿಕೇತಕ್ಕೂ ಆಗಿರೋದು ಒಂದೇ ಅಲ್ವಾ? ಆದ್ರೂ ಅಮ್ಮನ ಮಾತಿನ ಹಿಂದೆ ಒಂದು ನ್ಯಾಯವಾದ ಪ್ರಶ್ನೆ ಇದೆ ಅಂತ ನನಗನಿಸುತ್ತೆ. ಒಂದು ಜೀವ ಸತ್ತಿದ್ದನ್ನ ನೋಡಿ 'ಚೆನ್ನಾಗಿದೆ' ಅನ್ನೋದು ಸರಿಯಾ?

ಕ್ಯಾಮೆರಾ ಬರೋಕೆ ಎಷ್ಟೋ ಮುಂಚೆ ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್, ಸುಮಾರು 500 ವರ್ಷದ ಹಿಂದೆ, ಒಂದು ಸತ್ತ ನೀಲಿ ಹಕ್ಕಿಯನ್ನ ಬಿಡಿಸಿದ. ಯುರೋಪಿನ ರೋಲರ್ ಅದು. ನಮ್ಮ ರಾಜ್ಯಪಕ್ಷಿ ನೀಲಕಂಠ ಇದೆಯಲ್ಲ, ಅದರ ಹತ್ತಿರದ ನೆಂಟ. ಅದರ ಒಂಟಿ ರೆಕ್ಕೆಯ ಇನ್ನೊಂದು ಚಿತ್ರವೂ ಇದೆ, ಎರಡೂ ವಿಯೆನ್ನಾದ ಆಲ್ಬರ್ಟೀನಾ ಮ್ಯೂಸಿಯಂನಲ್ಲಿವೆ. ಗೂಗಲ್ ಮಾಡಿ ನೋಡಿ, ಒಂದೊಂದು ಗರಿಯನ್ನೂ ಎಣಿಸಬಹುದು. ಬದುಕಿರೋ ನೀಲಕಂಠ ನಿಮಗೆ ಅಷ್ಟು ಹೊತ್ತು ಕೊಡಲ್ಲ, ಒಂದು ಕ್ಷಣ ನೀಲಿ ಮಿಂಚಿ ಹಾರಿಹೋಗುತ್ತೆ. ಆ ನೀಲಿ ಬಣ್ಣದ ಪುಡಿಯಿಂದ ಬರೋದೂ ಅಲ್ಲ. ಗರಿಯೊಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗೂಡುಗಳು ಬೆಳಕನ್ನ ಚದುರಿಸಿ ತೋರಿಸೋ ನೀಲಿ. ಅದಕ್ಕೇ ಹಕ್ಕಿ ಸತ್ತ ಮೇಲೂ ಅದು ಹಾಗೇ ಉಳಿಯುತ್ತೆ.

ಈಗ ನೀವು ವಾಟ್ಸಾಪಲ್ಲಿ ನೋಡಿರಬಹುದಾದ ಒಂದು ಫೋಟೋಗೆ ಬರ್ತೀನಿ. 'ಮುಟ್ಟಿದ್ರೆ ಕಲ್ಲಾಗಿಸೋ ಕೆರೆ' ಅಂತ ಫಾರ್ವರ್ಡ್ ಬರುತ್ತಲ್ಲ, ಕೊಂಬೆ ಮೇಲೆ ಕೂತ ಕಲ್ಲಿನಂಥ ಹಕ್ಕಿ, ನೀರಲ್ಲಿ ನಿಂತ ಕಲ್ಲಿನಂಥ ಫ್ಲೆಮಿಂಗೋ. ಅದು ತಾಂಜಾನಿಯಾದ ನೇಟ್ರಾನ್ ಸರೋವರ. ಫೋಟೋ ತೆಗೆದದ್ದು ನಿಕ್ ಬ್ರ್ಯಾಂಡ್ಟ್, 2013ರ ಪುಸ್ತಕದಲ್ಲಿವೆ. ಕಲ್ಲಾಗಿಸೋದು ಸುಳ್ಳು. ಪೂರ್ವ ಆಫ್ರಿಕಾದ ಲೆಸ್ಸರ್ ಫ್ಲೆಮಿಂಗೋಗಳು ಮೊಟ್ಟೆ ಇಟ್ಟು ಮರಿ ಮಾಡೋ ಮುಖ್ಯ ಜಾಗವೇ ಅದು. ನೀರಲ್ಲಿ ಸೋಡಾ, ಉಪ್ಪು ವಿಪರೀತ. ಹಿಂದೆ ಈಜಿಪ್ಟಿನವರು ಮಮ್ಮಿ ಮಾಡೋಕೆ ಹೆಣದ ನೀರು ಹೀರಿಸ್ತಿದ್ದದ್ದು ಇದೇ ನೇಟ್ರಾನ್ ಉಪ್ಪಿನಿಂದ. ಅಲ್ಲಿ ಸತ್ತ ಹಕ್ಕಿ ಕೊಳೆಯೋ ಬದಲು ಉಪ್ಪಿನ ಕವಚ ಹೊತ್ತು ಹಾಗೇ ಉಳಿದುಬಿಡುತ್ತೆ. ಬ್ರ್ಯಾಂಡ್ಟ್ ದಡದಲ್ಲಿ ಸಿಕ್ಕ ಹೆಣಗಳನ್ನ ಎತ್ತಿ, ಜೀವ ಇದ್ದಂತೆ ಕೂರಿಸಿ ಫೋಟೋ ತೆಗೆದ. ಇದನ್ನ ಅವನೇ ಹೇಳಿದ್ದಾನೆ, ಮೋಸ ಏನಿಲ್ಲ. ಆದ್ರೆ ನನಗೆ ಆ ಫೋಟೋಗಳು ಎರಡನೇ ಸಲಕ್ಕೇ ತಣ್ಣಗೆ ಅನಿಸಿದವು. ಶೋಕೇಸಿನ ಗೊಂಬೆ ಥರ. ಸಾವು ಅಲ್ಲಿದೆ, ಆದ್ರೆ ಆ ಸಾವಿಗೆ ಮುಂದೆ ಏನೂ ಆಗ್ತಾ ಇಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಸರಣಿ. ಪೆಸಿಫಿಕ್ ಸಾಗರದ ನಟ್ಟನಡುವೆ ಮಿಡ್‌ವೇ ಅನ್ನೋ ಪುಟ್ಟ ಹವಳದ ದ್ವೀಪಗಳಿವೆ. ಲೇಸಾನ್ ಆಲ್ಬಟ್ರಾಸ್‌ಗಳು ಲಕ್ಷಗಟ್ಟಲೆ ಬಂದು ಮರಿ ಮಾಡೋದು ಅಲ್ಲೇ. ಕ್ರಿಸ್ ಜೋರ್ಡನ್ ಅನ್ನೋ ಫೋಟೋಗ್ರಾಫರ್ 2009ರಲ್ಲಿ ಅಲ್ಲಿ ಸತ್ತ ಮರಿಗಳ ಚಿತ್ರ ತೆಗೆಯೋಕೆ ಶುರು ಮಾಡಿದ. ಮರಳಿನ ಮೇಲೆ ಒಂದು ಮರಿ. ಮಾಂಸ ಎಲ್ಲ ಹೋಗಿದೆ. ಕೊಕ್ಕು ಒಂದು ಕಡೆ, ಗರಿ ಸುತ್ತಲೂ ಹರಡಿ ರಂಗೋಲಿ ಬಿಟ್ಟ ಹಾಗೆ, ಬೂದು, ಕಂದು, ಬಿಳಿ. ನಡುವೆ, ಹೊಟ್ಟೆ ಇದ್ದ ಜಾಗದಲ್ಲಿ, ಒಂದು ಹಿಡಿ ಬಾಟಲಿ ಮುಚ್ಚಳ, ಲೈಟರು, ಕೆಂಪು ನೀಲಿ ಹಸಿರು ಪ್ಲಾಸ್ಟಿಕ್ ಚೂರು. ಅಪ್ಪ ಅಮ್ಮ ಸಮುದ್ರದಿಂದ ಆಹಾರ ಅಂದ್ಕೊಂಡು ತಂದು, ಬಾಯಿಗೆ ಬಾಯಿಟ್ಟು ತಿನ್ನಿಸಿದ್ದು. ಒಂದು ಚೂರನ್ನೂ ನಾನು ಜರುಗಿಸಿಲ್ಲ, ಇಟ್ಟಿಲ್ಲ ಅಂತ ಜೋರ್ಡನ್ ಹೇಳಿದ್ದಾನೆ. ನನ್ನ ಪ್ರಕಾರ ಆ ಫೋಟೋದ ಅರ್ಧ ಬಲ ಅದರಲ್ಲೇ ಇದೆ.

ಆ ಫೋಟೋನ ಸ್ವಲ್ಪ ಹೊತ್ತು ನೋಡ್ತಾ ಇದ್ರೆ ಒಂದು ವಿಚಿತ್ರ ಆಗುತ್ತೆ. ಮೊದಲು ಕಣ್ಣು ಹೋಗೋದು ಬಣ್ಣದ ಪ್ಲಾಸ್ಟಿಕ್‌ಗೆ. ಆಮೇಲೆ ಗರಿಗೆ, ಮೂಳೆಗೆ, ಅದು ಮರಳಿನ ಜೊತೆ ಬೆರೆಯೋ ಅಂಚಿಗೆ. ನೊಣ, ಹುಳ, ಬಿಸಿಲು, ಮಳೆ ಸೇರ್ಕೊಂಡು ಒಂದು ಹಕ್ಕಿಯನ್ನ ಬಿಡಿಸಿ ಬಿಡಿಸಿ ನೆಲಕ್ಕೆ ವಾಪಸ್ ಕೊಡ್ತಾ ಇವೆ. ಆ ಕೆಲಸ ಚೆನ್ನಾಗಿದೆ. ಹೇಳೋಕೆ ಮುಜುಗರ ಆದ್ರೂ, ಚೆನ್ನಾಗಿದೆ. ಮುಚ್ಚಳ ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಹೊಳೀತಿದೆ. ಅಸಹ್ಯ ಅಂತ ನಾವು ಮುಖ ತಿರುಗಿಸೋದು ಕೊಳೆತದ್ದನ್ನ ನೋಡಿ. ಇಲ್ಲಿ ಹೆದರಿಕೆ ಹುಟ್ಟಿಸೋದು ಕೊಳೆಯದೇ ಇರೋದು. ಹೊಟ್ಟೆ ಕೊಳೆತು ತೆರೆದುಕೊಳ್ಳದಿದ್ರೆ ಒಳಗೇನಿತ್ತು ಅಂತ ನಮಗೆ ಕಾಣಿಸ್ತಾನೂ ಇರಲಿಲ್ಲ.

ಎಲ್ಲ ಹೆಣದ ಫೋಟೋನೂ ಹೀಗೇ ಅಂತ ನಾನು ಹೇಳ್ತಿಲ್ಲ, ಹಾಂ. ಹೆದ್ದಾರಿಯಲ್ಲಿ ಗಾಡಿ ಗುದ್ದಿ ಸತ್ತ ಚಿರತೆ ಫೋಟೋಗಳು ಗ್ರೂಪಿಂದ ಗ್ರೂಪಿಗೆ ಓಡ್ತವೆ, ಪಕ್ಕದಲ್ಲಿ ಯಾರದೋ ಚಪ್ಪಲಿ ಕಾಲು ಸಮೇತ. ಅದು ಸಾಕ್ಷಿ, ಸಾಕ್ಷಿಯಾಗಿ ಬೇಕೇ ಬೇಕು. ಬಂಡೀಪುರದ ರಸ್ತೆಗೆ 2009ರಿಂದ ರಾತ್ರಿ ಸಂಚಾರ ನಿಷೇಧ ಇರೋದು ಇಂಥ ಸಾವುಗಳಿಂದಲೇ. ಅಲ್ಲಿ ಚಂದ ಹುಡುಕಬೇಡಿ. ಅದಕ್ಕೆ ಸೀಪಿಯಾ ಫಿಲ್ಟರ್ ಹಾಕಿ, ಪಿಯಾನೋ ಮ್ಯೂಸಿಕ್ ಸೇರಿಸಿ ರೀಲ್ ಮಾಡೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ.

ನಾನು ತೆಗೆಯೋವಾಗ ಮುಟ್ಟಲ್ಲ, ಜರುಗಿಸಲ್ಲ, ಇರುವೆಗಳನ್ನ ಊದಿ ಓಡಿಸಲ್ಲ. ಸಾಧ್ಯ ಆದ್ರೆ ಮಾರನೇ ದಿನ ಹೋಗಿ ಅದೇ ಜಾಗದಲ್ಲಿ ಇನ್ನೊಂದು ತೆಗೀತೀನಿ. ಓತಿಕೇತ ಒಂಬತ್ತು ಫೋಟೋ ಬಂತು. ಒಂಬತ್ತನೆಯದರಲ್ಲಿ ಬೆನ್ನುಮೂಳೆ ಮಾತ್ರ ಇದೆ, ಅದರ ಪಕ್ಕ ಒಂದು ಹುಲ್ಲಿನ ಮೊಳಕೆ.

ಜೋರ್ಡನ್ 'ಆಲ್ಬಟ್ರಾಸ್' ಅಂತ ಒಂದು ಸಿನಿಮಾನೂ ಮಾಡಿದ್ದಾನೆ. 2018ರಲ್ಲಿ ಅದನ್ನ ಎಲ್ಲರೂ ನೋಡ್ಲಿ ಅಂತ ಇಂಟರ್ನೆಟ್‌ನಲ್ಲಿ ಪುಕ್ಕಟೆ ಬಿಟ್ಟ. ಅದರಲ್ಲಿ ಬದುಕಿರೋ ಹಕ್ಕಿಗಳೂ ಇವೆ, ಜೋಡಿ ಜೋಡಿಯಾಗಿ ಕೊಕ್ಕು ತಾಗಿಸಿ ಕುಣಿಯೋದು. ಸ್ವಲ್ಪ ಉದ್ದ ಇದೆ, ಓಡಿಸದೇ ನೋಡಿ. ಮುಂದಿನ ವಾರ ಸಿಗೋಣ.