‘ನೈಸ್’ ಎಂಬ ಮಾತು

ಕಾಫಿ ನೈಸ್, ಸೀರೆ ನೈಸ್, ನೋಡಿ ಬಂದ ಹುಡುಗನೂ ನೈಸ್. ಇಂಗ್ಲಿಷ್ ಓದದ ಮನೆಗಳಲ್ಲೂ ಈ ಮಾತು ಅಡಿಗೆಮನೆಯವರೆಗೆ ಬಂದಿದೆ. ದೋಸೆಹಿಟ್ಟನ್ನು ‘ನೈಸಾಗಿ’ ರುಬ್ಬು ಎಂದರೆ ತರಿಯಿಲ್ಲದಂತೆ ನುಣ್ಣಗೆ ರುಬ್ಬು ಎಂದರ್ಥ. ಇಷ್ಟು ಸಾಧುವಾಗಿ ಕಾಣುವ ಈ ಪದದ ಪೂರ್ವಚರಿತ್ರೆ ಮಾತ್ರ ಅಷ್ಟು ಸಾಧುವಾದುದಲ್ಲ.

ಲ್ಯಾಟಿನ್ ಭಾಷೆಯಲ್ಲಿ ‘ಸ್ಕೀರೆ’ ಎಂದರೆ ಅರಿಯುವುದು. ‘ಸೈನ್ಸ್’ ಎಂಬ ಪದ ಹುಟ್ಟಿದುದು ಅದರಿಂದ. ಅದಕ್ಕೆ ನಿಷೇಧ ಸೇರಿ ಆದುದು ‘ನೆಸ್ಕಿಯುಸ್’, ಏನೂ ಅರಿಯದವನು. ‘ನೈಸ್’ ಇದರ ಸಂತಾನ. ಫ್ರೆಂಚ್ ಭಾಷೆಯನ್ನು ಹಾದು ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ದಡ್ಡ, ಅವಿವೇಕಿ ಎಂದು. ಚಾಸರ್ ಕವಿಯ ಕಾಲದಲ್ಲಿ ಯಾರನ್ನಾದರೂ ನೈಸ್ ಎಂದಿದ್ದರೆ ಅದು ಬೈಗುಳವೇ ಸರಿ.

ಮುಂದೆ ಅದು ಚಂಚಲ, ಸಂಕೋಚದ, ಅತಿ ಮಡಿಯ, ಸೂಕ್ಷ್ಮವಾದ ಎಂದೆಲ್ಲ ಅರ್ಥಗಳನ್ನು ಹೊತ್ತು, 18ನೆಯ ಶತಮಾನದಲ್ಲಿ ‘ಹಿತವಾದ’ ಎಂಬಲ್ಲಿಗೆ ಬಂದಿತು. ಒಂದು ಅರ್ಥ ಹೋಗಿ ಇನ್ನೊಂದು ಬಂದಿತೆಂದಲ್ಲ. ಎಷ್ಟೋ ಕಾಲ ಎಲ್ಲವೂ ಒಂದೇ ಮನೆಯಲ್ಲಿ ಒಟ್ಟಿಗೆ ಬಾಳಿದುವು. ಇದರಲ್ಲಿ ನಾವು ಬೆರಗಾಗಬೇಕಾದುದಿಲ್ಲ. ನಮ್ಮ ‘ಮೂಢ’, ‘ಮುಗ್ಧ’ ಎರಡೂ ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನ ಮಕ್ಕಳು. ಮೂಢನೆಂದರೆ ಕೋಪ, ಮುಗ್ಧನೆಂದರೆ ಮುದ್ದು.

ಹಳೆಯ ಪುಸ್ತಕ ಓದುವವರಿಗೆ ಮಾತ್ರ ಇದು ನಿಜವಾದ ತೊಡಕು. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದಲ್ಲಿ ಪಾದ್ರಿ ಬರೆದ ಕಾಗದ ರೋಮಿಯೋನ ಕೈ ಸೇರುವುದಿಲ್ಲ. ಆ ಕಾಗದ ‘ನೈಸ್’ ಅಲ್ಲ ಎಂದು ಪಾದ್ರಿ ಹಲುಬುತ್ತಾನೆ. ಕಾಗದ ಚೆನ್ನಾಗಿರಲಿಲ್ಲವೆಂದಲ್ಲ, ಅದು ಕ್ಷುಲ್ಲಕವಾದುದಲ್ಲ ಎಂದು ಅವನ ಅಳಲು. ಆ ಕಾಗದ ತಲುಪದೆ ಎರಡು ಪ್ರಾಣ ಹೋಗಲಿವೆ. ಇಂದಿನ ಅರ್ಥ ಹಿಡಿದು ಓದಿದವನಿಗೆ ಈ ಗಂಡಾಂತರದ ಸುಳಿವೇ ಸಿಗುವುದಿಲ್ಲ.

ಜೇನ್ ಆಸ್ಟೆನ್ ಬರೆದು 1817ರ ಕೊನೆಗೆ ಅಚ್ಚಾದ ‘ನಾರ್ಥ್ಯಾಂಗರ್ ಅಬ್ಬೆ’ ಕಾದಂಬರಿಯಲ್ಲಿ, ಪುಸ್ತಕವೊಂದನ್ನು ನೈಸ್ ಎಂದ ಹುಡುಗಿಯನ್ನು ನಾಯಕ ಗೇಲಿಮಾಡುತ್ತಾನೆ. ಮೂಲದಲ್ಲಿ ಇದು ಅಚ್ಚುಕಟ್ಟು, ನಯ, ಸಂಸ್ಕಾರಗಳನ್ನು ಹೇಳುವ ಪದವಾಗಿತ್ತೆಂಬುದು ಅವನ ವಾದ. ಪಾಪ, ಇನ್ನೂ ನಾಲ್ಕು ಮೆಟ್ಟಿಲು ಇಳಿದಿದ್ದರೆ ಅವನಿಗೆ ದಡ್ಡತನವೇ ಎದುರಾಗುತ್ತಿತ್ತು! ಮೂಲಾರ್ಥದ ಹೆಸರಿನಲ್ಲಿ ಜಗಳಕ್ಕೆ ನಿಲ್ಲುವವರು ಸಾಮಾನ್ಯವಾಗಿ ತಮಗೆ ಅನುಕೂಲವಾದ ಮೆಟ್ಟಿಲಲ್ಲೇ ನಿಂತಿರುತ್ತಾರೆ. ಬಳಸುವವರ ಬಾಯಲ್ಲಿ ಪದ ಏನಾಗಿದೆಯೋ ಅದೇ ಅದರ ಅರ್ಥ. ಪಕ್ಕದ ಮಾತುಗಳನ್ನು ನೋಡಿ ತಿಳಿಯಬೇಕು.

ಸೂಕ್ಷ್ಮವೆಂಬ ಅರ್ಥ ಈಗಲೂ ಸತ್ತಿಲ್ಲ. ನ್ಯಾಯಾಧೀಶರು ಒಂದು ಮೊಕದ್ದಮೆಯಲ್ಲಿ ‘ನೈಸ್’ ಪ್ರಶ್ನೆ ಎದ್ದಿದೆಯೆಂದು ಬರೆದರೆ, ಅದು ಕೂದಲೆಳೆಯಷ್ಟು ಸೂಕ್ಷ್ಮವಾದ, ತೀರ್ಮಾನಕ್ಕೆ ಸುಲಭವಾಗಿ ಬಗ್ಗದ ಪ್ರಶ್ನೆ. ಇದನ್ನು ‘ಒಳ್ಳೆಯ ಪ್ರಶ್ನೆ’ ಎಂದು ಕನ್ನಡಿಸಿ ಹೇಳಿದರೆ, ಕಕ್ಷಿಗಾರ ಕೇಸು ಗೆದ್ದೆನೆಂದೇ ಹಿಗ್ಗಿ ಊರಿಗೆ ಹೊರಟಾನು.