ಬಂಡೆಯ ಮೇಲಿನ ಕರಿಪಟ್ಟೆ



ಇರಕಲ್ಲಗಡದ ಸುತ್ತಲಿನ ಬೆಟ್ಟಗಳಲ್ಲಿ ಮಳೆನೀರು ಹರಿದಿಳಿಯುವ ಜಾಡಿನಲ್ಲೆಲ್ಲ ಕಪ್ಪು ಪಟ್ಟೆಗಳು ಕಾಣುತ್ತವೆ. ಅವನ್ನು ಕೊಳೆಯೆಂದು ತಿಳಿಯುವುದು ವಾಡಿಕೆ. ಆದರೆ ಉಷ್ಣವಲಯದ ಬೋಳು ಗ್ರಾನೈಟ್ ಬಂಡೆಗಳ ಮೇಲಿನ ಇಂತಹ ಪಟ್ಟೆಗಳು ಬಹುಮಟ್ಟಿಗೆ ನೀಲಿಹಸಿರು ಪಾಚಿಗಳ, ಅಂದರೆ ಸಯನೊಬ್ಯಾಕ್ಟೀರಿಯಾಗಳ ವಸತಿಗಳು.

ಈ ಜೀವಿಗಳ ಸಂಕಟ ವಿಚಿತ್ರವಾದುದು. ಆಹಾರ ತಯಾರಿಸಲು ಬಿಸಿಲು ಬೇಕು. ಅದೇ ಬಿಸಿಲಿನ ಅತಿನೇರಳೆ ಕಿರಣಗಳು ಡಿಎನ್‌ಎಯ ಅಕ್ಕಪಕ್ಕದ ಘಟಕಗಳನ್ನು ತಪ್ಪಾಗಿ ಬೆಸೆಯುತ್ತವೆ, ದ್ಯುತಿಸಂಶ್ಲೇಷಣೆಯ ವ್ಯವಸ್ಥೆಯನ್ನೂ ಕೆಡಿಸುತ್ತವೆ. ನೆರಳಿಗೆ ಸರಿದರೆ ಹಸಿವು, ಬಿಸಿಲಿಗೆ ನಿಂತರೆ ಗಾಯ.

ಇದಕ್ಕೆ ಅವುಗಳ ಉಪಾಯಗಳು ಹಲವು. ಕೆಲವು ಎಳೆಪಾಚಿಗಳು ನಡುಹಗಲಿನಲ್ಲಿ ಕೆಳಪದರಕ್ಕೆ ಜಾರುತ್ತವೆ. ಫೋಟೊಲೈಯೇಸ್ ಎಂಬ ಕಿಣ್ವವು ನೀಲಿ ಬೆಳಕಿನ ಬಲದಿಂದಲೇ ಡಿಎನ್‌ಎಯ ತಪ್ಪು ಬೆಸುಗೆಯನ್ನು ಬಿಡಿಸುತ್ತದೆ. ಈ ಎರಡೂ ಕೆಲಸಗಳಿಗೆ ನೀರು ಬೇಕು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮ ಸೀಮೆಯಲ್ಲಿ ಒಣಗಿದ ಪಾಚಿ ತಿಂಗಳುಗಟ್ಟಲೆ ನಿದ್ರಿಸುತ್ತದೆ. ಆಗ ಚಲನೆಯಿಲ್ಲ, ದುರಸ್ತಿಯಿಲ್ಲ.

ಆ ಕಾಲದಲ್ಲಿ ಕಾಯುವುದು ಬಣ್ಣದ ಕೊಡೆ. ಕೋಶದ ಹೊರಗಿನ ಲೋಳೆಕವಚದಲ್ಲಿ ಸೈಟೊನೆಮಿನ್ ಎಂಬ ಹಳದಿಗಂದು ವರ್ಣದ್ರವ್ಯ ತುಂಬಿರುತ್ತದೆ. ಇದರ ಅಣುರಚನೆ ತಿಳಿದದ್ದು 1993ರಲ್ಲಿ. ಅತಿನೇರಳೆ-ಎ ಕಿರಣಗಳ ಬಹುಭಾಗವನ್ನು ತಡೆದು, ಆಹಾರ ತಯಾರಿಕೆಗೆ ಬೇಕಾದ ಕೆಂಪು ಬೆಳಕನ್ನು ಇದು ಒಳಬಿಡುತ್ತದೆ. ಪಾಚಿ ನಿದ್ರಿಸುವಾಗಲೂ ಕೊಡೆ ಬಿಚ್ಚಿಯೇ ಇರುತ್ತದೆ. ಪಟ್ಟೆಯ ಗಾಢ ಬಣ್ಣಕ್ಕೆ ಮುಖ್ಯ ಕಾರಣ ಇದೇ.

ಈ ಕೊಡೆಯನ್ನು ಹೆಣೆಯಲು ಸಾಧ್ಯವಾಗುವುದು ಪಾಚಿ ತೇವಗೊಂಡು ಎಚ್ಚೆತ್ತಿರುವಾಗ ಮಾತ್ರ. ಆದುದರಿಂದ ಬೇಸಿಗೆಯಲ್ಲಿ ಬಂಡೆಯನ್ನು ಕೆರೆದು ಹೆಸರು ಬರೆದರೆ, ಗೋಮಾಳದ ಮಣ್ಣಿನ ಮೇಲಿನ ಕರಿಹೆಪ್ಪನ್ನು ವಾಹನ ಹಾಯಿಸಿ ಪುಡಿಮಾಡಿದರೆ, ಮುಂದಿನ ಮಳೆಯವರೆಗೆ ಆ ಗಾಯಕ್ಕೆ ಮದ್ದಿಲ್ಲ. ಕಲ್ಲುಗಣಿ ಬಂಡೆಯನ್ನೇ ಸೀಳಿದರೆ ಮದ್ದಿನ ಮಾತೇ ಇಲ್ಲ.

ಕಳೆದುಹೋಗುವುದು ಬಣ್ಣವಷ್ಟೇ ಅಲ್ಲ. ಇವುಗಳಲ್ಲಿ ಅನೇಕವು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತವೆ. ಭತ್ತದ ಗದ್ದೆಗಳಲ್ಲಿ ಈ ಪಾಚಿಗಳ ಪಾತ್ರವನ್ನು ಪಿ. ಕೆ. ಡೇ 1939ರಲ್ಲಿಯೇ ತೋರಿಸಿದರು. ಗಂಗಾವತಿಯ ಭತ್ತದ ರೈತರಿಗೂ ಇದು ಸಲ್ಲುವ ಮಾತು. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣಕ್ಕೆ ಆಮ್ಲಜನಕ ತುಂಬತೊಡಗಿದ್ದೂ ಇವುಗಳ ಪೂರ್ವಜರೇ. ಆ ಆಮ್ಲಜನಕದಿಂದಲೇ ಓಝೋನ್ ಪದರ ಉಂಟಾಯಿತು.

ನಮ್ಮೆಲ್ಲರ ತಲೆಯ ಮೇಲಿನ ಕೊಡೆಗೆ ಕಾರಣವಾದ ಕುಲವಿದು. ಅದರ ಕೊಡೆಯನ್ನು ನಾವು ಕಿತ್ತುಕೊಳ್ಳದಿರೋಣ. ಬೆಟ್ಟ ಹತ್ತುವಾಗ ಕರಿಪಟ್ಟೆಯನ್ನು ಬಿಟ್ಟು ಕಾಲಿಡಿ. ಮಕ್ಕಳಿಗೂ ಅದು ಜೀವವೆಂದು ಹೇಳಿ.